ಮರುಪರೀಕ್ಷೆಯ ಪ್ರಯೋಜನ: ಮಾಹಿತಿ ವ್ಯವಸ್ಥೆಗಳ ಸಂಶೋಧನೆಯಿಂದ ಒಂದು ನಿದರ್ಶನ

ಹಿಂದೆ ಅಚ್ಚಾಗಿರುವ ಶಾಸನವೊಂದನ್ನು ಪುನಃ ಕಲ್ಲಿನೆದುರು ನಿಂತು ಓದುವುದು ಇತಿಹಾಸಕಾರರಿಗೆ ಹೊಸದಲ್ಲ. ಹಳೆಯ ಪಾಠವೇ ಸರಿಯೆಂದು ತಿಳಿದುಬಂದರೂ ಆ ಶ್ರಮ ವ್ಯರ್ಥವೆನಿಸದು. ಆದರೆ ಪ್ರಶ್ನಾವಳಿಗಳನ್ನು ಅವಲಂಬಿಸಿದ ಶಾಸ್ತ್ರಗಳಲ್ಲಿ, ಒಬ್ಬರ ಅಧ್ಯಯನವನ್ನು ಮತ್ತೊಬ್ಬರು ಪುನಃ ನಡೆಸಿದರೆ ಅದು ಬರಿಯ ಅನುಕರಣವೆಂಬ ಭಾವನೆಯುಂಟು. ಸಂಸ್ಥೆಗಳಲ್ಲಿ ಜನರು ಕಂಪ್ಯೂಟರುಗಳನ್ನು ಬಳಸುವ ಬಗೆಯನ್ನು ವಿಚಾರಿಸುವ ಮಾಹಿತಿ ವ್ಯವಸ್ಥೆಗಳ ಶಾಸ್ತ್ರದಲ್ಲಿ ಈ ಭಾವನೆಗೆ ತಕ್ಕ ಉತ್ತರ ದೊರೆಯುತ್ತದೆ.

ಹೊಸ ಕಂಪ್ಯೂಟರ್ ವ್ಯವಸ್ಥೆಯೊಂದನ್ನು ಕೆಲವರು ಒಪ್ಪುವುದೂ ಕೆಲವರು ಬಿಡುವುದೂ ಏತಕ್ಕೆ? 1989ರಲ್ಲಿ ಅಮೆರಿಕದ ವಿದ್ವಾಂಸ ಫ್ರೆಡ್ ಡೇವಿಸ್ ಅವರು 152 ಮಂದಿ ಬಳಕೆದಾರರನ್ನು ಎರಡು ಅಧ್ಯಯನಗಳಲ್ಲಿ ವಿಚಾರಿಸಿದರು. ಕೆಲಸಕ್ಕೆ ಪ್ರಯೋಜನವಾಗುವುದೆಂಬ ನಂಬಿಕೆ, ಬಳಸಲು ಸುಲಭವೆಂಬ ನಂಬಿಕೆ, ಇವೆರಡಕ್ಕೂ ಬಳಕೆಯೊಡನೆ ಸಂಬಂಧವುಂಟೆಂದೂ ಮೊದಲನೆಯದರ ಸಂಬಂಧವೇ ಹೆಚ್ಚು ಬಲವಾದುದೆಂದೂ ಅವರು ಕಂಡುಕೊಂಡರು.

1992ರಲ್ಲಿ ಆಡಮ್ಸ್, ನೆಲ್ಸನ್ ಮತ್ತು ಟಾಡ್ ಅವರು ಡೇವಿಸರ ಅಳತೆಗಳನ್ನೇ ಹಿಡಿದು ಎರಡು ಮರುಪರೀಕ್ಷೆಗಳನ್ನು ನಡೆಸಿದರು. 10 ಸಂಸ್ಥೆಗಳ 118 ಮಂದಿಯನ್ನು ಇ-ಮೇಲ್ ಮತ್ತು ವಾಯ್ಸ್ ಮೇಲ್ ವಿಷಯದಲ್ಲಿ ವಿಚಾರಿಸಿದಾಗ ಹಳೆಯ ನಿರ್ಣಯವೇ ನಿಂತಿತು. ಬೇರೆ 73 ಮಂದಿಯನ್ನು ಮೂರು ಸಾಫ್ಟ್‌ವೇರುಗಳ ವಿಷಯದಲ್ಲಿ ವಿಚಾರಿಸಿದಾಗ ಫಲಿತಾಂಶ ಅಷ್ಟು ಸ್ಪಷ್ಟವಾಗಲಿಲ್ಲ. ಪ್ರಯೋಜನದಂತೆ ಸೌಲಭ್ಯವೂ ಪರಿಣಾಮಕಾರಿಯೆಂದು ತೋರಿತು. ಅಳತೆಗೋಲು ಗಟ್ಟಿಯಾದುದೆಂಬುದು ಸಿದ್ಧವಾಯಿತು. ಆದರೆ ನಿರ್ಣಯವು ಬಳಕೆಯ ಸಂದರ್ಭವನ್ನು ಅನುಸರಿಸಿ ಬದಲಾಗಬಹುದೆಂಬ ಹೊಸ ತಿಳಿವೂ ಉಂಟಾಯಿತು.

1997ರಲ್ಲಿ ಸ್ಟ್ರೌಬ್ ಮತ್ತು ಅವರ ಸಂಗಡಿಗರು ಅಮೆರಿಕ, ಸ್ವಿಟ್ಜರ್ಲೆಂಡ್, ಜಪಾನುಗಳ ಮೂರು ವಿಮಾನ ಸಂಸ್ಥೆಗಳ ನೌಕರರಲ್ಲಿ ಇದೇ ಸಿದ್ಧಾಂತವನ್ನು ಒರೆಗೆ ಹಚ್ಚಿದರು. ಮೊದಲೆರಡು ದೇಶಗಳಲ್ಲಿ ಅದು ಸರಿಹೊಂದಿತು, ಜಪಾನಿನಲ್ಲಿ ಹೊಂದಲಿಲ್ಲ. ಇದರಿಂದ ಡೇವಿಸರ ಕಾರ್ಯಕ್ಕೆ ಕುಂದು ಬರಲಿಲ್ಲ; ಅದರ ಎಲ್ಲೆ ಮಾತ್ರ ಗೊತ್ತಾಯಿತು.

ಮರುಪರೀಕ್ಷೆಯಲ್ಲಿ ಮೂರು ಬಗೆ. ವಿಧಾನವನ್ನೂ ಸಂದರ್ಭವನ್ನೂ ಹಾಗೆಯೇ ಉಳಿಸಿಕೊಳ್ಳುವುದು ಒಂದು. ವಿಧಾನವನ್ನು ಉಳಿಸಿ ಸಂದರ್ಭವನ್ನು ಬದಲಿಸುವುದು ಇನ್ನೊಂದು. ಅದೇ ಪ್ರಶ್ನೆಯನ್ನು ಬೇರೆ ವಿಧಾನದಿಂದ ಪರೀಕ್ಷಿಸುವುದು ಮೂರನೆಯದು. ಇಂತಹ ಅಧ್ಯಯನಗಳಿಗಾಗಿಯೇ ಈ ಶಾಸ್ತ್ರದ ವಿದ್ವಾಂಸರ ಅಂತರರಾಷ್ಟ್ರೀಯ ಸಂಘವು 2015ರಲ್ಲಿ ಒಂದು ಪತ್ರಿಕೆಯನ್ನು ಪ್ರಾರಂಭಿಸಿತು.

ಸಂಸ್ಥೆಗಳು ಇಂತಹ ಸಿದ್ಧಾಂತಗಳನ್ನು ನಂಬಿ ಹಣ ಹೂಡುತ್ತವೆ, ನೌಕರರ ದಿನಚರಿಯನ್ನೇ ಬದಲಿಸುತ್ತವೆ. ಒಂದೆಡೆ ಕಂಡ ಸತ್ಯವನ್ನು ಪರೀಕ್ಷಿಸದೆ ಬೇರೆಡೆಗೆ ಅನ್ವಯಿಸಿದರೆ ನಷ್ಟವಾಗುವುದು ಅವರಿಗೆ. ಆದುದರಿಂದ ಹಳೆಯ ನಿರ್ಣಯವನ್ನು ನಮ್ಮ ಊರಿನ ಕಚೇರಿಯಲ್ಲಿ ಮತ್ತೆ ಪರೀಕ್ಷಿಸಿ ನೋಡುವೆನೆಂದು ವಿದ್ಯಾರ್ಥಿಯೊಬ್ಬನು ಬಂದಾಗ, ಇದರಲ್ಲಿ ಹೊಸದೇನಿದೆಯೆಂದು ಕೇಳಿ ಅವನನ್ನು ಹಿಂದಕ್ಕೆ ಕಳುಹಿಸುವುದು ಅಧ್ಯಾಪಕರಾದ ನಮಗೆ ಉಚಿತವಲ್ಲ.