ಹುಲ್ಲುಹಾಸಿನ ಬೇಸಾಯದಲ್ಲಿ ಹೊಸ ಯಂತ್ರಗಳು

ರಾಗಿ ಹೊಲದಲ್ಲಿ ಗರಿಕೆ ಕಂಡರೆ ರೈತ ಅದರ ಬೇರು ಕೀಳುವವರೆಗೆ ಬಿಡುವುದಿಲ್ಲ. ಅದೇ ಗರಿಕೆ ಆಫ್ರಿಕದ ಇನ್ನೊಂದು ಗರಿಕೆಯೊಡನೆ ಸೇರಿ ಹುಟ್ಟಿದ ಸಂಕರ ತಳಿಗಳನ್ನು ಅಮೆರಿಕದ ಜಾರ್ಜಿಯಾ ರಾಜ್ಯದ ರೈತರು ಬೆಳೆಯಾಗಿ ಬೆಳೆದು, ಆಟದ ಮೈದಾನಗಳಿಗೂ ಮನೆಯಂಗಳಗಳಿಗೂ ಮಾರುತ್ತಾರೆ. ಅಲ್ಲಿನ ಟಿಫ್ಟನ್ ಸಂಶೋಧನಾ ಕೇಂದ್ರದಿಂದ 1960ರಲ್ಲಿ ಬಿಡುಗಡೆಯಾದ ‘ಟಿಫ್‌ವೇ’ ಇವುಗಳಲ್ಲಿ ಹೆಸರಾದುದು. ಈ ತಳಿಯಿಂದ ಮೊಳೆಯುವ ಬೀಜ ದೊರೆಯುವುದಿಲ್ಲ. ಆದ್ದರಿಂದ ಬಳ್ಳಿಯ ತುಂಡುಗಳನ್ನು ನಾಟಿ ಮಾಡಿ, ಹೊಲ ತುಂಬಿದ ಮೇಲೆ ಬೇರು, ಮಣ್ಣು ಸಮೇತ ಹಾಳೆಯಂತೆ ಕತ್ತರಿಸಿ ಸಾಗಿಸುತ್ತಾರೆ.

ಹಾಳೆಯ ಒಂದು ಸಾಮಾನ್ಯ ಅಳತೆ 16 ಅಂಗುಲ ಅಗಲ, 24 ಅಂಗುಲ ಉದ್ದ. ಈ ಲೆಕ್ಕದಲ್ಲಿ ಒಂದು ಎಕರೆಗೆ ಸುಮಾರು 16 ಸಾವಿರ ಹಾಳೆಗಳಾಗುತ್ತವೆ. ಹಿಂದೆ ಯಂತ್ರ ಕತ್ತರಿಸುತ್ತಿತ್ತು ಅಷ್ಟೆ. ಎತ್ತುವುದು, ಸುತ್ತುವುದು, ಪೇರಿಸುವುದು ಆಳುಗಳ ಬೆನ್ನಿನ ಕೆಲಸ. ಈಗಿನ ಸ್ವಯಂಚಾಲಿತ ಯಂತ್ರದಲ್ಲಿ ಅಲಗು ನೆಲದಡಿ ಕತ್ತರಿಸುತ್ತಿದ್ದಂತೆ ಪಟ್ಟಿ ಹಾಳೆಯನ್ನು ಮೇಲಕ್ಕೆ ಒಯ್ಯುತ್ತದೆ, ಯಂತ್ರದ ತೋಳು ಅದನ್ನು ಮರದ ಮಣೆಯ ಮೇಲೆ ಜೋಡಿಸುತ್ತದೆ. ಇಷ್ಟಕ್ಕೆ ಚಾಲಕನೊಬ್ಬ ಸಾಕು.

ಈ ವೇಗದಿಂದ ಉಳಿಯುವುದು ಕೂಲಿ ಮಾತ್ರವಲ್ಲ. ಪೇರಿಸಿದ ಹುಲ್ಲು ಉಸಿರಾಡುತ್ತಲೇ ಇರುತ್ತದೆ. ಗೋಣಿಯಲ್ಲಿ ಒತ್ತಿ ತುಂಬಿದ ಸೊಪ್ಪಿನಂತೆ ಒಳಗೆ ಬಿಸಿ ಏರಿ, ಬೇಸಿಗೆಯಲ್ಲಿ ಒಂದೇ ದಿನದೊಳಗೆ ಹಳದಿಯಾಗಬಹುದು. ನಸುಕಿನಲ್ಲಿ ಕತ್ತರಿಸಿ ಅದೇ ದಿನ ಹಾಸುವುದು ಒಳ್ಳೆಯದು.

ಇದಕ್ಕಿಂತ ಮುಖ್ಯವಾದುದು ಮಣ್ಣಿನ ಲೆಕ್ಕ. ಹಾಳೆಯೊಂದಿಗೆ ಅರ್ಧ ಅಂಗುಲ ಮೇಲ್ಮಣ್ಣು ಹೋದರೂ ಎಕರೆಗೆ ಸುಮಾರು 50 ಘನ ಮೀಟರ್, ಅಂದರೆ 60 ಟನ್ನಿಗೂ ಮಿಕ್ಕಿ ಮಣ್ಣು ಲಾರಿ ಹತ್ತಿದಂತೆ. ಹಾಳೆಯೆಲ್ಲ ಮಣ್ಣಲ್ಲ, ಬೇರು ಮತ್ತು ಕಾಂಡಗಳ ಹೆಣಿಗೆಯೂ ಅದರಲ್ಲಿದೆ ಎಂಬುದು ನಿಜ. ಆದರೂ ಕಟಾವಿನಿಂದ ಕಟಾವಿಗೆ ಹೊಲ ತಗ್ಗುವುದನ್ನು ಅಲಕ್ಷಿಸುವಂತಿಲ್ಲ. ಲೇಸರ್ ಯಂತ್ರದಿಂದ ಸಮತಟ್ಟು ಮಾಡಿದ ನೆಲದಲ್ಲಿ ಅಲಗು ಒಂದೇ ಆಳದಲ್ಲಿ ಸಾಗುವುದರಿಂದ ಹಾಳೆಯನ್ನು ತೆಳುವಾಗಿ ಕತ್ತರಿಸಬಹುದು. ತೆಳು ಹಾಳೆ ಬೇಗ ಬೇರೂರುತ್ತದೆ, ಲಾರಿಯ ಭಾರವೂ ಇಳಿಯುತ್ತದೆ. ಆದರೆ ಬೇಗ ಒಣಗುವುದರಿಂದ ಹಾಸಿದ ಕೂಡಲೇ ನೀರು ಬೇಕು. ಕತ್ತರಿಸಿದ ಸಾಲುಗಳ ನಡುವೆ ಒಂದೆರಡು ಅಂಗುಲದ ಪಟ್ಟಿ ಬಿಟ್ಟರೆ, ಅದರಿಂದಲೂ ನೆಲದಡಿಯ ಕಾಂಡಗಳಿಂದಲೂ ಹೊಲ ಮತ್ತೆ ಚಿಗುರುತ್ತದೆ.

ಅರ್ಧ ಎಕರೆಯಲ್ಲಿ ಲಾನ್ ಹುಲ್ಲು ಬೆಳೆದು ಕೈಯಲ್ಲೇ ಕತ್ತರಿಸುವ ನಮ್ಮ ಬೆಳೆಗಾರನಿಗೆ ಅಷ್ಟು ದೊಡ್ಡ ಯಂತ್ರ ದಂಡವೇ ಸರಿ. ಅವನಿಗೆ ಒದಗುವ ವಿಧಾನ ಬೇರೆಯಿದೆ. ಪ್ಲಾಸ್ಟಿಕ್ ಹಾಳೆಯ ಮೇಲೆ ಮರಳು ಮತ್ತು ಕಳಿತ ತೆಂಗಿನ ನಾರಿನ ಪುಡಿಯನ್ನು ತೆಳುವಾಗಿ ಹರಡಿ, ಬಳ್ಳಿಯ ತುಂಡುಗಳನ್ನು ನಾಟಿ ಮಾಡುವುದು. ಕೆಳಗಿಳಿಯಲಾರದ ಬೇರುಗಳು ಚಾಪೆಯಂತೆ ಹೆಣೆದುಕೊಳ್ಳುತ್ತವೆ. ಹೊಲದ ಮಣ್ಣು ಹೊಲದಲ್ಲೇ ಉಳಿಯುತ್ತದೆ. ನಾರಿನ ಪುಡಿಯನ್ನು ಹಸಿಯಾಗಿ ಬಳಸಬಾರದು, ಅದರ ಉಪ್ಪು ಮತ್ತು ಒಗರು ಬೇರಿಗೆ ಹಾನಿಕರ. ಪದರ ತೆಳುವಾದ್ದರಿಂದ ಬೇಸಿಗೆಯಲ್ಲಿ ಒಂದು ದಿನವೂ ನೀರು ತಪ್ಪಿಸುವಂತಿಲ್ಲ. ಮಳೆಗಾಲದಲ್ಲಿ ನೀರು ನಿಲ್ಲದಂತೆ ಮಡಿಗೆ ತುಸು ಇಳಿಜಾರು ಕೊಡಬೇಕು.