ಸಂಧಿವಾತ: ಉಸಿರುಗಟ್ಟಿದ ಕೀಲುಗಳು

ಬೆಳಗಿನ ಜಾವ ಹಾಸಿಗೆಯಿಂದೆದ್ದ ಗೃಹಿಣಿಗೆ ಕೈಬೆರಳುಗಳನ್ನು ಮಡಚಲಾಗುವುದಿಲ್ಲ. ಹಾಲಿನ ಪಾತ್ರೆಯನ್ನು ಎತ್ತಹೋದರೆ ಮಣಿಕಟ್ಟು ನೋಯುತ್ತದೆ. ಮಕ್ಕಳ ಡಬ್ಬಿ ತುಂಬಿ ಮುಗಿಯುವ ಹೊತ್ತಿಗೆ ಬಿಗಿತ ತುಸು ಸಡಿಲವಾಗುತ್ತದೆ. ಇದು ಮಳೆಗಾಲದ ಶೀತವೆಂದು ಒಬ್ಬರು, ವಯಸ್ಸಿನ ವಾಯುವೆಂದು ಇನ್ನೊಬ್ಬರು ಸಮಾಧಾನ ಹೇಳುತ್ತಾರೆ. ಊರಿನಿಂದ ತರಿಸಿದ ಎಣ್ಣೆಯನ್ನು ತಿಕ್ಕುತ್ತ ತಿಂಗಳುಗಳು ಉರುಳುತ್ತವೆ. ಆದರೆ ಎರಡೂ ಕೈಗಳ ಸಣ್ಣ ಕೀಲುಗಳು ಊದಿಕೊಂಡು, ಬೆಳಗಿನ ಬಿಗಿತ ಅರ್ಧ ಗಂಟೆಯನ್ನೂ ಮೀರಿ ವಾರಗಟ್ಟಲೆ ಮುಂದುವರಿದರೆ, ಅದು ರುಮಟಾಯ್ಡ್ ಸಂಧಿವಾತವಾಗಿರುವ ಸಂಭವವುಂಟು.

1859ರಲ್ಲಿ ಲಂಡನ್ನಿನ ವೈದ್ಯ ಆಲ್ಫ್ರೆಡ್ ಗ್ಯಾರಡ್ ಈ ಹೆಸರನ್ನು ಬಳಕೆಗೆ ತಂದರು. ವೃದ್ಧಾಪ್ಯದಲ್ಲಿ ಮಂಡಿ ಸವೆಯುವ ರೋಗ ಬೇರೆ, ಇದು ಬೇರೆ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಇಲ್ಲಿ ದಾರಿ ತಪ್ಪಿ ಕೀಲುಗಳ ಮೇಲೆ ಬೀಳುತ್ತದೆ. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಎರಡು ಮೂರು ಪಟ್ಟು ಹೆಚ್ಚು. ನಡುವಯಸ್ಸಿನಲ್ಲಿ, ಸಂಸಾರದ ಭಾರ ಹೆಗಲ ಮೇಲಿರುವಾಗಲೇ ಬರುವುದು ಸಾಮಾನ್ಯ.

ಆರೋಗ್ಯವಂತ ಕೀಲಿನ ಒಳಗೋಡೆಗೆ ತೆಳುವಾದ ಪೊರೆಯೊಂದಿರುತ್ತದೆ. ಅದರ ಮೇಲ್ಪದರದಲ್ಲಿ ಒಂದರಿಂದ ಮೂರು ಸಾಲು ಜೀವಕೋಶಗಳು ಮಾತ್ರ. ಅವು ಕೀಲನ್ನು ನುಣುಪಾಗಿಡುವ ದ್ರವವನ್ನು ಒದಗಿಸುತ್ತವೆ. ಎಲುಬಿನ ತುದಿಯಲ್ಲಿರುವ ಮೃದ್ವಸ್ಥಿಗೆ ಸ್ವಂತ ರಕ್ತನಾಳಗಳಿಲ್ಲ. ಅದರ ಪೋಷಣೆಗೆ ಈ ದ್ರವವೇ ಮುಖ್ಯ ಆಧಾರ. ಸಂಧಿವಾತದಲ್ಲಿ ಈ ಪೊರೆ ಉರಿಯೂತದಿಂದ ದಪ್ಪವಾಗುತ್ತದೆ. ಜೀವಕೋಶಗಳು ಪದರದ ಮೇಲೆ ಪದರವಾಗಿ ಬೆಳೆಯುತ್ತವೆ, ರಕ್ತದಿಂದ ಬಿಳಿಕಣಗಳು ಬಂದು ಸೇರುತ್ತವೆ. ಪ್ರತಿಯೊಂದಕ್ಕೂ ಆಮ್ಲಜನಕ ಬೇಕು. ರಕ್ತನಾಳಗಳ ಪೂರೈಕೆಯಾದರೋ ಅದಕ್ಕೆ ಸಾಟಿಯಾಗಿ ಏರುವುದಿಲ್ಲ. ಸಾಲದ್ದಕ್ಕೆ ಕೀಲಿನಲ್ಲಿ ನೀರು ತುಂಬಿ, ಚಲಿಸಿದಾಗ ಒಳಗಿನ ಒತ್ತಡವೇರಿ ಸಣ್ಣ ನಾಳಗಳು ಅಮುಕಿಹೋಗುತ್ತವೆ. ಆದಾಯ ಹೆಚ್ಚದೆ ಖರ್ಚು ಮಾತ್ರ ಏರುವ ಸಂಸಾರದ ಸ್ಥಿತಿಯೇ ಕೀಲಿಗೂ ಒದಗುತ್ತದೆ.

ಈ ಕೊರತೆ ಕೇವಲ ಊಹೆಯಲ್ಲ. 1970ರಲ್ಲಿ ಲುಂಡ್-ಓಲೆಸೆನ್ ಎಂಬ ಸಂಶೋಧಕರು ಕೀಲುದ್ರವದಲ್ಲಿ ಆಮ್ಲಜನಕದ ಒತ್ತಡವನ್ನು ಅಳೆದರು. ಪೆಟ್ಟು ಬಿದ್ದು ಊದಿದ ಕೀಲುಗಳಲ್ಲಿ ಸರಾಸರಿ ಸುಮಾರು 63, ಸವೆತದ ರೋಗದಲ್ಲಿ 43, ರುಮಟಾಯ್ಡ್ ಸಂಧಿವಾತದಲ್ಲಿ ಕೇವಲ 27 ಪಾದರಸ ಮಿಲಿಮೀಟರುಗಳೆಂದು ಕಂಡುಬಂದಿತು. 2010ರಲ್ಲಿ ಡಬ್ಲಿನ್ನಿನ ವೈದ್ಯರು ಸೂಕ್ಷ್ಮ ಸಲಾಕೆಯನ್ನು ರೋಗಿಯ ಕೀಲುಪೊರೆಗೇ ತಾಗಿಸಿ ಅಳೆದಾಗ, ಆಮ್ಲಜನಕ ಕಡಿಮೆಯಾದಷ್ಟೂ ಉರಿಯೂತ ತೀವ್ರವಾಗಿರುವುದು ಸ್ಪಷ್ಟವಾಯಿತು.

ಆಮ್ಲಜನಕದ ಅಭಾವವನ್ನು ಜೀವಕೋಶ ಹೇಗೆ ಅರಿಯುತ್ತದೆ? ಈ ರಹಸ್ಯವನ್ನು ಬಿಡಿಸಿದ ವಿಲಿಯಂ ಕೇಲಿನ್, ಪೀಟರ್ ರಾಟ್‌ಕ್ಲಿಫ್, ಗ್ರೆಗ್ ಸೆಮೆಂಜಾ ಅವರಿಗೆ 2019ರ ನೊಬೆಲ್ ಪಾರಿತೋಷಕ ಸಂದಿತು. ಜೀವಕೋಶದೊಳಗೆ 'ಹಿಫ್' ಎಂಬ ಪ್ರೋಟೀನು ಸದಾ ತಯಾರಾಗುತ್ತಿರುತ್ತದೆ. ಆಮ್ಲಜನಕ ಸಾಕಷ್ಟಿದ್ದರೆ ಅದು ಕೆಲವೇ ನಿಮಿಷಗಳಲ್ಲಿ ನಾಶವಾಗುತ್ತದೆ. ಅಭಾವವಾದಾಗ ಅದು ಉಳಿದು, ಕೋಶಕೇಂದ್ರವನ್ನು ಹೊಕ್ಕು, ಹಲವು ಜೀನುಗಳನ್ನು ಎಚ್ಚರಿಸುತ್ತದೆ. ಎತ್ತರದ ಪರ್ವತದ ಮೇಲೆ ಬದುಕಲು, ಗಾಯ ಮಾಯಲು ಈ ಏರ್ಪಾಡು ಉಪಕಾರಿ.

ಆದರೆ ಸಂಧಿವಾತದ ಕೀಲಿನಲ್ಲಿ ಅದೇ ಏರ್ಪಾಡು ಮಾರಕವಾಗುತ್ತದೆ. ಹಿಫ್‌ನ ಕರೆಗೆ ಓಗೊಟ್ಟು ಹೊಸ ರಕ್ತನಾಳಗಳೇನೋ ಹುಟ್ಟುತ್ತವೆ. ಆದರೆ ಅವು ವಕ್ರವಾಗಿ, ಅಪಕ್ವವಾಗಿ, ಸೋರುವಂತೆ ಬೆಳೆಯುತ್ತವೆ. ಅವು ಕೊರತೆಯನ್ನು ನೀಗಿಸುವುದಕ್ಕಿಂತ ಹೆಚ್ಚಾಗಿ ಮತ್ತಷ್ಟು ಬಿಳಿಕಣಗಳಿಗೆ ದಾರಿ ತೆರೆಯುತ್ತವೆ. ಜೀವಕೋಶಗಳು ಸಕ್ಕರೆಯನ್ನು ಅರೆಬರೆಯಾಗಿ ಉರಿಸಿ ಲ್ಯಾಕ್ಟಿಕ್ ಆಮ್ಲವನ್ನು ಹೊರಚೆಲ್ಲುತ್ತವೆ. ಪೊರೆಯ ಕೋಶಗಳು ಆಕ್ರಮಣಶೀಲವಾಗಿ, ಮೃದ್ವಸ್ಥಿಯನ್ನು ಕರಗಿಸುವ ಕಿಣ್ವಗಳನ್ನು ಸ್ರವಿಸುತ್ತವೆ. ಉರಿಯೂತದಿಂದ ಅಭಾವ, ಅಭಾವದಿಂದ ಮತ್ತೆ ಉರಿಯೂತ: ಬಡ್ಡಿ ತೀರಿಸಲು ಹೊಸ ಸಾಲವೆತ್ತಿದಂತೆ ಈ ಚಕ್ರ ಸುತ್ತುತ್ತಲೇ ಇರುತ್ತದೆ.

ಹಾಗಾದರೆ ಹೆಚ್ಚು ಆಮ್ಲಜನಕವನ್ನು ಉಸಿರಾಡಿದರೆ ಸಾಲದೇ ಎಂಬ ಪ್ರಶ್ನೆ ಸಹಜ. ಶ್ವಾಸಕೋಶ ಆರೋಗ್ಯವಾಗಿದ್ದರೆ ರಕ್ತದಲ್ಲಿ ಆಮ್ಲಜನಕ ಈಗಾಗಲೇ ಬಹುಮಟ್ಟಿಗೆ ತುಂಬಿರುತ್ತದೆ, ಕೊರತೆಯಿರುವುದು ಕೀಲಿನೊಳಗೆ. ಪ್ರಾಣಾಯಾಮ ಮನಸ್ಸಿಗೆ ನೆಮ್ಮದಿ ತರಬಹುದು, ಆದರೆ ಚಿಕಿತ್ಸೆಯ ಸ್ಥಾನವನ್ನು ಅದು ತುಂಬಲಾರದು. ಉರಿಯೂತವನ್ನೇ ನಂದಿಸಬೇಕು. ನೋವಿನ ಮಾತ್ರೆ ನೋವನ್ನು ತಗ್ಗಿಸುತ್ತದೆಯೇ ಹೊರತು ಕೀಲಿನ ನಾಶವನ್ನು ತಡೆಯುವುದಿಲ್ಲ. ರೋಗದ ಗತಿಯನ್ನೇ ಬದಲಿಸುವ ಔಷಧಿಗಳಲ್ಲಿ ಮೆಥೊಟ್ರೆಕ್ಸೇಟ್ ಮೊದಲನೆಯದು. ಇದನ್ನು ವಾರಕ್ಕೊಮ್ಮೆ ಮಾತ್ರ ಸೇವಿಸಬೇಕು. ತಪ್ಪಿ ಪ್ರತಿದಿನ ಸೇವಿಸಿದರೆ ಪ್ರಾಣಾಪಾಯವುಂಟು. ಕಾಲಕಾಲಕ್ಕೆ ರಕ್ತಪರೀಕ್ಷೆ ಅಗತ್ಯ. ಗರ್ಭಿಣಿಯರಿಗೆ ಇದು ಸಲ್ಲದು.

ಇದಕ್ಕೂ ಮಣಿಯದ ರೋಗಕ್ಕೆ ಬೇರೆ ದಾರಿಗಳಿವೆ. ಉರಿಯೂತವನ್ನು ಕೆರಳಿಸುವ ಟಿ.ಎನ್.ಎಫ್. ಎಂಬ ವಸ್ತುವನ್ನು ತಡೆಯುವ ಚುಚ್ಚುಮದ್ದನ್ನು 1992ರಲ್ಲಿ ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ರವೀಂದರ್ ಮೈನಿ ರೋಗಿಗಳಲ್ಲಿ ಮೊದಲು ಪರೀಕ್ಷಿಸಿದರು. ಇಂತಹ ಚಿಕಿತ್ಸೆಯಿಂದ ಗುಣ ಕಂಡವರ ಕೀಲುಗಳಲ್ಲಿ ಆಮ್ಲಜನಕದ ಮಟ್ಟವೂ ಏರಿದುದನ್ನು ಡಬ್ಲಿನ್ನಿನ ಮುಂದಿನ ಅಧ್ಯಯನ ತೋರಿಸಿತು. ಬೆಂಕಿ ಆರಿದರೆ ಕೀಲು ತಾನಾಗಿ ಉಸಿರಾಡುತ್ತದೆ ಎಂಬುದಕ್ಕೆ ಇದು ಸಾಕ್ಷಿ. ಧೂಮಪಾನ ಈ ರೋಗವನ್ನು ಆಹ್ವಾನಿಸುತ್ತದೆ, ಉಲ್ಬಣಗೊಳಿಸುತ್ತದೆ. ಅದನ್ನು ತ್ಯಜಿಸುವುದು ರೋಗಿಯ ಕೈಯಲ್ಲೇ ಇದೆ. ಊತ ತೀವ್ರವಾಗಿರುವಾಗ ಕೀಲಿಗೆ ವಿಶ್ರಾಂತಿ, ಇಳಿದ ಮೇಲೆ ಹದವಾದ ವ್ಯಾಯಾಮ ಲೇಸು.

ಎಲುಬಿನ ಸವೆತ ಬಹುಪಾಲು ರೋಗಿಗಳಲ್ಲಿ ಮೊದಲ ಎರಡು ವರ್ಷಗಳಲ್ಲೇ ಕಾಣಿಸಿಕೊಳ್ಳುತ್ತದೆ. ಹಾಗೆ ಹೋದ ಎಲುಬು ಮತ್ತೆ ಮೊದಲಿನಂತಾಗುವುದು ವಿರಳ. ಆದುದರಿಂದ ಬೆಳಗಿನ ಬಿಗಿತವನ್ನು ಸಹಿಸಿಕೊಂಡು ಮನೆಮಂದಿಗೆಲ್ಲ ಚಹಾ ಕಾಸುವ ಆ ತಾಯಿಗೆ ಇನ್ನೊಂದು ಎಣ್ಣೆಯ ಶೀಸೆಯನ್ನು ತಂದುಕೊಡುವುದರ ಬದಲು, ಒಂದು ದಿನ ರಜೆ ಹಾಕಿ ಸಂಧಿವಾತದ ತಜ್ಞರ ಬಳಿಗೆ ಕರೆದೊಯ್ಯುವುದು ಮನೆಯವರ ಕರ್ತವ್ಯ.