ತೂಕ ಇಳಿಯದಿದ್ದರೂ ನಡಿಗೆ ಫಲ ಕೊಡುತ್ತದೆ

ಬಿಪಿ ಸ್ವಲ್ಪ ಜಾಸ್ತಿ, ಶುಗರ್ ಬಾರ್ಡರ್‌ನಲ್ಲಿದೆ, ಟ್ರೈಗ್ಲಿಸರೈಡ್ ಕೊಂಚ ಮೇಲೆ. ಲ್ಯಾಬ್ ವರದಿಯ ಒಂದೊಂದೇ ಸಾಲು ಓದಿದರೆ ಗಾಬರಿಪಡುವಂಥದ್ದೇನೂ ಕಾಣದು. ಆದರೆ ಇವೆಲ್ಲ ಒಬ್ಬರಲ್ಲೇ ಕೂಡಿಬಂದರೆ ಹೃದಯಾಘಾತದ, ಸಕ್ಕರೆ ಕಾಯಿಲೆಯ ಅಪಾಯ ಹೆಚ್ಚು. ಇವುಗಳ ಬೇರು ಒಂದೇ, ದೇಹ ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸದಿರುವುದು ಎಂದು 1988ರಲ್ಲಿ ವಾದಿಸಿದವರು ಅಮೆರಿಕದ ವೈದ್ಯವಿಜ್ಞಾನಿ ಜೆರಾಲ್ಡ್ ರೀವೆನ್. ಈ ಕೂಟವನ್ನೇ ಇಂದು ಮೆಟಬಾಲಿಕ್ ಸಿಂಡ್ರೋಮ್ ಎನ್ನುತ್ತಾರೆ.

ಗುರುತಿಸುವ ಲೆಕ್ಕ ಸರಳ. ಐದರಲ್ಲಿ ಮೂರು ಇದ್ದರೆ ಸಾಕು: ಸೊಂಟದ ಸುತ್ತಳತೆ ಭಾರತೀಯ ಗಂಡಸರಲ್ಲಿ 90, ಹೆಂಗಸರಲ್ಲಿ 80 ಸೆಂ.ಮೀ. ಅಥವಾ ಹೆಚ್ಚು, ಟ್ರೈಗ್ಲಿಸರೈಡ್ 150 ಅಥವಾ ಮೇಲೆ, ಒಳ್ಳೆಯ ಕೊಲೆಸ್ಟರಾಲ್ ಎನಿಸಿದ ಎಚ್‌ಡಿಎಲ್ ಗಂಡಸರಲ್ಲಿ 40ಕ್ಕಿಂತ, ಹೆಂಗಸರಲ್ಲಿ 50ಕ್ಕಿಂತ ಕಡಿಮೆ, ಬಿಪಿಯ ಮೇಲಿನ ಅಂಕಿ 130 ಅಥವಾ ಕೆಳಗಿನದು 85 ಮುಟ್ಟಿರುವುದು, ಖಾಲಿ ಹೊಟ್ಟೆಯ ಶುಗರ್ 100 ಅಥವಾ ಮೇಲೆ.

"ವಾಕಿಂಗ್ ಶುರುಮಾಡಿ" ಎಂಬ ಸಲಹೆ ಎಲ್ಲರಿಗೂ ಸಿಗುತ್ತದೆ. ತಿಂಗಳು ನಡೆದರೂ ತೂಕದ ಮುಳ್ಳು ಕದಲದಿದ್ದಾಗ ಅನೇಕರು ಕೈಬಿಡುತ್ತಾರೆ. ಅವರು ನೋಡುತ್ತಿರುವ ಅಳತೆಯೇ ಬೇರೆ, ದೇಹದೊಳಗೆ ನಡೆಯುತ್ತಿರುವುದೇ ಬೇರೆ.

ರಕ್ತದ ಗ್ಲೂಕೋಸನ್ನು ಸ್ನಾಯುಕೋಶದೊಳಗೆ ಸಾಗಿಸುವುದು ಗ್ಲುಟ್-4 ಎಂಬ ಪ್ರೋಟೀನ್. ಸುಮ್ಮನೆ ಕೂತಾಗ ಅದು ಕೋಶದ ಒಳಗೇ ಅಡಗಿರುತ್ತದೆ. ಇನ್ಸುಲಿನ್ ಬಂದು ಕರೆದರೆ ಮಾತ್ರ ಹೊರಪೊರೆಗೆ ಬರುತ್ತದೆ. ಇನ್ಸುಲಿನ್ ಮಾತು ನಡೆಯದ ದೇಹದಲ್ಲಿ ಆಗುವ ತೊಂದರೆಯೇ ಇದು. ಆದರೆ ಸ್ನಾಯು ಬಿರುಸಾಗಿ ದುಡಿಯುವಾಗ ಇನ್ಸುಲಿನ್‌ನ ಹಂಗಿಲ್ಲದೆಯೇ ಗ್ಲುಟ್-4 ಮೇಲೆ ಬರುತ್ತದೆ. ವ್ಯಾಯಾಮ ಮುಗಿದ ಮೇಲೂ ಒಂದೆರಡು ದಿನ ಸ್ನಾಯು ಇನ್ಸುಲಿನ್‌ಗೆ ಹೆಚ್ಚು ಚುರುಕಾಗಿ ಸ್ಪಂದಿಸುತ್ತದೆ. ರಕ್ತದ ಕೊಬ್ಬನ್ನು ಒಡೆಯುವ ಕಿಣ್ವವೂ ಸ್ನಾಯುವಿನಲ್ಲಿ ಹೆಚ್ಚುವುದರಿಂದ ಟ್ರೈಗ್ಲಿಸರೈಡ್ ತಗ್ಗುತ್ತದೆ. ರಕ್ತನಾಳಗಳು ಸಡಿಲಗೊಂಡು ಬಿಪಿ ಇಳಿಯುತ್ತದೆ. ತೂಕ ಅಷ್ಟೇ ಇದ್ದರೂ ಹೊಟ್ಟೆಯೊಳಗಿನ ಕೊಬ್ಬು ಕರಗಬಲ್ಲದು. ಎಚ್‌ಡಿಎಲ್ ಮಾತ್ರ ನಿಧಾನಿ, ಏರುವುದೂ ಅಲ್ಪವೇ.

ಅಮೆರಿಕ ಮತ್ತು ಕೆನಡಾದಲ್ಲಿ ನಡೆದ ಹೆರಿಟೇಜ್ ಅಧ್ಯಯನದಲ್ಲಿ, ವ್ಯಾಯಾಮದ ರೂಢಿಯಿಲ್ಲದವರಿಗೆ 20 ವಾರ ಸೈಕಲ್ ಯಂತ್ರ ತುಳಿಸಲಾಯಿತು. ಮೊದಲು ಮೆಟಬಾಲಿಕ್ ಸಿಂಡ್ರೋಮ್ ಇದ್ದ 105 ಜನರಲ್ಲಿ 32 ಮಂದಿ ಕೊನೆಗೆ ಆ ಪಟ್ಟಿಯಿಂದಲೇ ಹೊರಬಂದಿದ್ದರು. ನಾರ್ವೆಯ ಟ್ರೋಂಡ್‌ಹೈಮ್‌ನಲ್ಲಿ 32 ಜನರ ಮೇಲೆ ನಡೆದ, 2008ರಲ್ಲಿ ಪ್ರಕಟವಾದ ಪ್ರಯೋಗ ಇನ್ನೊಂದು ಸಂಗತಿ ತೋರಿಸಿತು. ನಾಲ್ಕು ನಿಮಿಷ ಏದುಸಿರು ಬರುವಷ್ಟು ವೇಗ, ನಂತರ ಮೂರು ನಿಮಿಷ ನಿಧಾನ, ಹೀಗೆ ನಾಲ್ಕು ಸುತ್ತು ಮಾಡಿದವರ ದೇಹದ ಆಮ್ಲಜನಕ ಬಳಸುವ ಗರಿಷ್ಠ ಸಾಮರ್ಥ್ಯ 16 ವಾರಗಳಲ್ಲಿ ಶೇ. 35 ಹೆಚ್ಚಿತು, ಒಂದೇ ಹದದಲ್ಲಿ ಸಾಗಿದವರದ್ದು ಶೇ. 16. ತೂಕ ಇಳಿದದ್ದು ಮಾತ್ರ ಎರಡೂ ಗುಂಪಿನಲ್ಲಿ ಹೆಚ್ಚುಕಡಿಮೆ ಒಂದೇ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷದ ಮಧ್ಯಮ ವೇಗದ ವ್ಯಾಯಾಮ. ಜೊತೆಯವರೊಡನೆ ಮಾತಾಡಲು ಆಗಬೇಕು, ಹಾಡಲು ಆಗಬಾರದು. ಅದೇ ಸರಿಯಾದ ವೇಗ. ಸ್ನಾಯುವಿನ ಚುರುಕು ಎರಡು ದಿನದಲ್ಲಿ ಮಾಸುವುದರಿಂದ, ಭಾನುವಾರ ಒಂದೇ ದಿನ ಕೆರೆ ಸುತ್ತಿ ಬರುವುದಕ್ಕಿಂತ ಆ ನಿಮಿಷಗಳನ್ನು ವಾರವಿಡೀ ಹಂಚುವುದು ಮೇಲು. ಎದೆನೋವಿರುವವರು, ಇನ್ಸುಲಿನ್ ಚುಚ್ಚಿಕೊಳ್ಳುವವರು ವೈದ್ಯರನ್ನು ಕೇಳಿಯೇ ವೇಗ ಹೆಚ್ಚಿಸಬೇಕು. ಮೂರು ತಿಂಗಳ ಬಳಿಕ ತೂಕದ ಜೊತೆಗೆ ಸೊಂಟಕ್ಕೆ ಟೇಪು ಹಿಡಿಯಿರಿ, ಬಿಪಿ ನೋಡಿಸಿ, ರಕ್ತಪರೀಕ್ಷೆ ಮಾಡಿಸಿ. ನಡಿಗೆ ಫಲಿಸಿತೇ ಇಲ್ಲವೇ ಎಂಬುದು ಆಮೇಲೆ ತೀರ್ಮಾನವಾಗಲಿ.